ಘಾಟಿನ ಕೆಮ್ಮಿನ ಮರೆಯಲ್ಲಿದ್ದ ನ್ಯುಮೋನಿಯಾ: ಮೆಣಸಿನಕಾಯಿ ತುಂಬು ಬಿಡಿಸುವ ಬಸುರಿಯೊಬ್ಬಳ ಪ್ರಕರಣ

ಇಲ್ಲಿ ಬರುವ ತಾಯಿಯ ಹೆಸರು, ಊರು, ಆಕೆ ದುಡಿಯುತ್ತಿದ್ದ ಗೋದಾಮು, ದಾಖಲಾದ ಆಸ್ಪತ್ರೆ ಯಾವುದನ್ನೂ ಕೊಟ್ಟಿಲ್ಲ. ಗುರುತು ಹತ್ತದಂತೆ ಒಂದೆರಡು ವಿವರಗಳನ್ನು ಬದಲಿಸಿದೆ. ಆಶಾ ಕಾರ್ಯಕರ್ತೆಯರು, ಆರೋಗ್ಯ ಸುರಕ್ಷಾಧಿಕಾರಿಗಳು, ತಾಲ್ಲೂಕು ಮಟ್ಟದ ವೈದ್ಯರು, ಹೆಣ್ಣುಮಕ್ಕಳಿಂದ ಕೂಲಿ ಕೆಲಸ ಮಾಡಿಸುವವರು ಓದಲೆಂದು ಇದನ್ನು ಬರೆದಿದೆ.

ಹಿನ್ನೆಲೆ

ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದದ್ದು ಖಾರದಿಂದಲ್ಲ, ಬಣ್ಣದಿಂದ. ಹಾಗೆಂದು ಒಣಕಾಯಿ ರಾಶಿಯ ಪಕ್ಕ ಎಂಟು ತಾಸು ಕೂತವರ ಗಂಟಲಿಗೆ ಅದರ ಘಾಟು ಕಡಿಮೆಯೇನಲ್ಲ. ವರ್ಷದ ಮೊದಲ ನಾಲ್ಕೈದು ತಿಂಗಳು ಹಾವೇರಿ ಜಿಲ್ಲೆಯ ಈ ಭಾಗಕ್ಕೆ ಆವಕ ಜೋರಾಗಿರುತ್ತದೆ. ಸೋಮವಾರ, ಗುರುವಾರ ಪೇಟೆ. ಮಾರಾಟವಾದ ಕಾಯಿ ಪುಡಿಯ ಗಿರಣಿಗೆ ಹೋಗುವ ಮೊದಲು ಅದರ ತುಂಬು, ಅಂದರೆ ತೊಟ್ಟು, ಬಿಡಿಸಬೇಕು. ಈ ಕೆಲಸ ಬಹುಪಾಲು ಹೆಂಗಸರದು, ಕೂಲಿ ಕೆ.ಜಿ. ಲೆಕ್ಕದ್ದು. ಎದ್ದು ಹೋಗಿ ನೀರು ಕುಡಿದು ಬಂದರೂ ಅಷ್ಟರ ಮಟ್ಟಿಗೆ ಕೂಲಿ ಕಡಿಮೆ.

ಈ ತಾಯಿಗೆ 23 ವರ್ಷ. ಮೂರು ವರ್ಷದ ಗಂಡುಮಗುವಿದೆ, ಇದು ಎರಡನೆಯ ಬಸಿರು. ಗಂಡ ಹಮಾಲ. ಗದಗ ಜಿಲ್ಲೆಯ ಒಂದು ಹಳ್ಳಿಯಿಂದ ಸುಗ್ಗಿಯ ಕೂಲಿಗೆ ಬಂದ ಕುಟುಂಬ. ಲಾರಿ ಓಡಾಡುವ ರಸ್ತೆಯ ಪಕ್ಕ ಸಾಲಾಗಿ ಐದು ತಗಡಿನ ಕೋಣೆಗಳಿದ್ದವು. ಅದರಲ್ಲಿ ಒಂದನ್ನು ಬಾಡಿಗೆಗೆ ಹಿಡಿದಿದ್ದರು. ಹತ್ತು ಅಡಿಗೆ ಹನ್ನೆರಡು ಅಡಿ. ಇದ್ದ ಒಂದೇ ಕಿಟಕಿ ರಸ್ತೆಯ ಕಡೆಗೆ. ಧೂಳು ಬರುತ್ತದೆಂದು ಅದಕ್ಕೆ ಹಳೆಯ ಸೀರೆ ತುರುಕಿದ್ದರು. ಒಲೆ ಬಾಗಿಲ ಪಕ್ಕದ ಮೂಲೆಯಲ್ಲಿ. ಉರುವಲಿಗೆ ಹತ್ತಿ ಕಟಗಿ ಮತ್ತು ಕಾಳು ಬಿಡಿಸಿದ ಗೋವಿನಜೋಳದ ತೆನೆ, ಎರಡೂ ದುಡ್ಡಿಲ್ಲದೆ ಸಿಗುವಂಥವು. ಬೆಂಕಿ ಹಿಡಿಸಲು ಒಂದು ಪ್ಲಾಸ್ಟಿಕ್ ಚೀಲ.

ಗ್ಯಾಸ್ ಇರಲಿಲ್ಲವೇ? ಇತ್ತು. ಉಜ್ವಲಾ ಸಂಪರ್ಕ ಆಕೆಯ ಹೆಸರಿನಲ್ಲೇ ಇತ್ತು, ಆದರೆ ಊರಿನ ಮನೆಯಲ್ಲಿ, ಖಾಲಿ ಸಿಲಿಂಡರ್ ಆಗಿ. ತಾಯಿ ಕಾರ್ಡೂ ಊರಿನದೇ. ಅದರಲ್ಲಿ ಐದನೇ ತಿಂಗಳಿನ ಹಿಮೋಗ್ಲೋಬಿನ್ 8.6 ಎಂದು ಬರೆದಿತ್ತು. ಕಬ್ಬಿಣದ ಮಾತ್ರೆ ನುಂಗಿದರೆ ವಾಕರಿಕೆ ಬರುತ್ತದೆಂದು ಬಿಟ್ಟಿದ್ದಳು. ಮಾತೃಪೂರ್ಣ ಯೋಜನೆಯ ಮಧ್ಯಾಹ್ನದ ಊಟ ಅಂಗನವಾಡಿಗೆ ಹೋಗಿ ಉಣ್ಣುವಂಥದ್ದು. ಆಕೆಯ ಹೆಸರು ಇದ್ದದ್ದು ಊರಿನ ಅಂಗನವಾಡಿಯಲ್ಲಿ. ಹೀಗೆ ಬಸುರಿಗೆಂದು ಇದ್ದ ಸವಲತ್ತುಗಳೆಲ್ಲ ಒಂದು ಊರಲ್ಲಿ, ಬಸುರಿ ಇನ್ನೊಂದು ಊರಲ್ಲಿ.

ಗಾಳಿಯ ಲೆಕ್ಕದಲ್ಲೂ ಇಂಥದ್ದೇ ಒಂದು ಅಂತರವಿದೆ. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಗೆ ಕರ್ನಾಟಕದಿಂದ ಸೇರಿರುವುದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ. ಸಣ್ಣ ಪೇಟೆಯೂರಿನ ತಗಡಿನ ಕೋಣೆ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಮೊಬೈಲಿನಲ್ಲಿ ಕಾಣುವ ಗಾಳಿಯ ಗುಣಮಟ್ಟದ ಸಂಖ್ಯೆ ಊರಿನ ಬಯಲಿನ ಗಾಳಿಯದು, ಒಲೆಯ ಮುಂದೆ ಕೂತವಳ ಮೂಗಿನ ಹತ್ತಿರದ್ದಲ್ಲ. ಪಿ.ಎಂ. 2.5 ಎಂಬ ಅತಿ ಸಣ್ಣ ಕಣಕ್ಕೆ ನಮ್ಮ ದೇಶದ 24 ಗಂಟೆಯ ಮಿತಿ ಒಂದು ಘನ ಮೀಟರಿಗೆ 60 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಗಾಳಿ ಆಡದ ಕೋಣೆಯಲ್ಲಿ ಕಟ್ಟಿಗೆಯ ಒಲೆ ಉರಿಯುವಾಗ ಅದು ನೂರಾರು ಮೈಕ್ರೊಗ್ರಾಂ ತಲುಪುವುದು ಮಾಮೂಲು.

ಬಸುರಿಯ ಪುಪ್ಪಸಕ್ಕೆ ಇದು ಏಕೆ ಭಾರ

ಗರ್ಭ ಬೆಳೆದಂತೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು, ಸುಮಾರು 4 ಸೆಂ.ಮೀ. ಮೇಲಕ್ಕೆ ಸರಿಯುತ್ತದೆ. ಉಸಿರು ಬಿಟ್ಟ ಮೇಲೂ ಪುಪ್ಪಸದಲ್ಲಿ ಉಳಿಯುವ ಗಾಳಿ ಸುಮಾರು ಐದನೇ ಒಂದು ಭಾಗ ಕಡಿಮೆಯಾಗುತ್ತದೆ. ದೇಹಕ್ಕೆ ಬೇಕಾದ ಆಮ್ಲಜನಕ ಮಾತ್ರ ಅಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಕೂಡಿಟ್ಟದ್ದು ಕಡಿಮೆ, ಖರ್ಚು ಜಾಸ್ತಿ. ಹಾಗಾಗಿ ಸೋಂಕು ತಗುಲಿದಾಗ ಬೇರೆಯವರಿಗಿಂತ ಬೇಗ ಆಮ್ಲಜನಕ ಕುಸಿಯುತ್ತದೆ. ಬಸುರಿ ಪ್ರತಿ ಉಸಿರಿನಲ್ಲೂ ಹೆಚ್ಚು ಗಾಳಿ ಎಳೆಯುತ್ತಾಳೆ. ನಿಮಿಷದ ಲೆಕ್ಕದಲ್ಲಿ ಇದು 30ರಿಂದ 50 ಪ್ರತಿಶತದಷ್ಟು ಜಾಸ್ತಿ. ಒಂದೇ ಕೋಣೆಯಲ್ಲಿ ಕೂತ ಇಬ್ಬರಲ್ಲಿ ಬಸುರಿಯ ಒಳಗೆ ಹೋಗುವ ಹೊಗೆಯೇ ಹೆಚ್ಚು.

ಮೆಣಸಿನ ಧೂಳು ದಪ್ಪ ಕಣ. ಅದು ಬಹುತೇಕ ಮೂಗು, ಗಂಟಲಲ್ಲಿ ನಿಂತು ಉರಿ ಎಬ್ಬಿಸುತ್ತದೆ, ಕೆಮ್ಮು ತರುತ್ತದೆ. ಒಲೆ ಹೊಗೆಯ ಕಣ ಸಣ್ಣದು. ಅದು ಪುಪ್ಪಸದ ತುದಿಯವರೆಗೂ ಇಳಿದು, ಶ್ವಾಸನಾಳದ ಒಳಗಿನ ಸೂಕ್ಷ್ಮ ರೋಮಗಳ ಓಟವನ್ನೂ ರೋಗಾಣುಗಳನ್ನು ನುಂಗುವ ಕೋಶಗಳ ಕೆಲಸವನ್ನೂ ಕುಂದಿಸುತ್ತದೆ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್ನಿಗೆ ಅಂಟಿ ಆಮ್ಲಜನಕದ ಜಾಗ ಹಿಡಿಯುತ್ತದೆ. 8.6 ಹಿಮೋಗ್ಲೋಬಿನ್ ಇದ್ದವಳಿಗೆ ಇದು ಇದ್ದುದರಲ್ಲೇ ಕಳವು.

ಸಮಸ್ಯೆ: ಈ ಕೆಮ್ಮು ಯಾವುದರದು?

ಫೆಬ್ರುವರಿ, ಗರ್ಭಕ್ಕೆ 29 ವಾರ. ಮೊದಲು ಮಗನಿಗೆ ನೆಗಡಿ, ಆಮೇಲೆ ಗಂಡನಿಗೆ. ಶನಿವಾರ ಸಂಜೆ ಆಕೆಗೆ ಜ್ವರ, ಮೈಕೈ ನೋವು, ಕೆಮ್ಮು. ಗೋದಾಮಿನಲ್ಲಿ ಕೆಮ್ಮದವರೇ ಇಲ್ಲ, ಹಾಗಾಗಿ ಆಕೆಯ ಕೆಮ್ಮನ್ನು ಯಾರೂ ಬೇರೆಯಾಗಿ ಕೇಳಿಸಿಕೊಳ್ಳಲಿಲ್ಲ. ಭಾನುವಾರ ಕೆಲಸವಿರಲಿಲ್ಲ. ಘಾಟಿನ ಕೆಮ್ಮಾಗಿದ್ದರೆ ರಾಶಿಯಿಂದ ದೂರವಿದ್ದ ಆ ದಿನ ತಗ್ಗಬೇಕಿತ್ತು. ಆದರೆ ಆ ರಾತ್ರಿಯೇ ಹೆಚ್ಚಾಯಿತು. ಈ ಪ್ರಕರಣದಲ್ಲಿ ಕೈತಪ್ಪಿದ ಮೊದಲ ಸುಳಿವು ಅದು. ಸೋಮವಾರ ಪೇಟೆ ದಿನ. ಗಲ್ಲಿಯಲ್ಲಿ ಸೂಜಿ ಹಾಕುವವರ ಬಳಿ ಒಂದು ಇಂಜೆಕ್ಷನ್ ತೆಗೆದುಕೊಂಡು, ಜ್ವರದ ಗುಳಿಗೆ ನುಂಗಿ ಕೆಲಸಕ್ಕೆ ಹೋದಳು. ಜ್ವರ ಇಳಿಯಿತು, ಉಸಿರಿನ ವೇಗ ಇಳಿಯಲಿಲ್ಲ. ಅದನ್ನು ಎಣಿಸಿದವರಿಲ್ಲ.

ಮಂಗಳವಾರ ಮಧ್ಯಾಹ್ನ ಆಶಾ ಕಾರ್ಯಕರ್ತೆ ಆ ಸಾಲಿನ ಇನ್ನೊಂದು ಮನೆಯ ಬಾಣಂತಿಯನ್ನು ನೋಡಲು ಬಂದಿದ್ದರು. ಈ ತಾಯಿ ಅವರ ಪಟ್ಟಿಯಲ್ಲೇ ಇರಲಿಲ್ಲ. ಬಾಗಿಲ ಹೊರಗಿನಿಂದ ಕೆಮ್ಮು ಕೇಳಿ ಒಳಗೆ ಹೋದರು. ಪಕ್ಕದ ಮನೆಯ ಅಜ್ಜಿ ಸಮಾಧಾನ ಹೇಳಿದರು: "ಬಸರಾದಾಕಿಗೆ ತೇಕು ಬರೂದ ಬಿಡವ್ವಾ, ಅದೇನ್ ಹೊಸಾದಲ್ಲ." ಅಜ್ಜಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ದಿನ ತುಂಬುತ್ತ ಬಂದಂತೆ ಮೆಟ್ಟಿಲು ಹತ್ತಿದರೆ ತೇಕು ಬರುವುದು ಸಹಜ. ಆದರೆ ಬಸಿರಿನಲ್ಲಿ ಹೆಚ್ಚುವುದು ಉಸಿರಿನ ಆಳ. ನಿಮಿಷಕ್ಕೆ ಎಷ್ಟು ಸಲ ಎಂಬುದು ಅಷ್ಟಾಗಿ ಬದಲಾಗುವುದಿಲ್ಲ. ಕೂತಲ್ಲೇ ನಿಮಿಷಕ್ಕೆ 24 ದಾಟಿದರೆ ಅದನ್ನು ಬಸಿರಿನ ಲೆಕ್ಕಕ್ಕೆ ಬರೆಯುವಂತಿಲ್ಲ.

ಆಶಾ ಮಾಡಿದ್ದನ್ನು ವಿವರವಾಗಿ ಬರೆಯಬೇಕು. ಆಕೆಯನ್ನು ಗೋಡೆಗೆ ಒರಗಿಸಿ ಐದು ನಿಮಿಷ ಸುಮ್ಮನೆ ಕೂರಿಸಿದರು. ಉಸಿರು ಎಣಿಸುತ್ತಿದ್ದೇನೆಂದು ಹೇಳಲಿಲ್ಲ. ಹೇಳಿದರೆ ಉಸಿರಿನ ಲಯವೇ ಬದಲಾಗುತ್ತದೆ. ನಾಡಿ ಹಿಡಿದವರಂತೆ ಮಣಿಕಟ್ಟು ಹಿಡಿದು, ಸೆರಗು ಏಳುವುದನ್ನು ನೋಡುತ್ತ, ಮೊಬೈಲ್ ಗಡಿಯಾರದಲ್ಲಿ ಪೂರ್ತಿ ಒಂದು ನಿಮಿಷ ಎಣಿಸಿದರು. 30. ಮತ್ತೊಮ್ಮೆ ಎಣಿಸಿದರು, 31. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ರೂಢಿಯಲ್ಲಿ ಒಂದು ಉಸಿರು ತಪ್ಪಿದರೂ ನಾಲ್ಕು ತಪ್ಪುತ್ತದೆ. ಮಾತಾಡಿಸಿದಾಗ ಆಕೆ ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಲಾರಳು. "ಅಕ್ಕಾರ, ಹಗಲ ಹೆಂಗರ ತಡಕೋತೇನ್ರಿ... ರಾತ್ರಿ... ಮಲಗಾಕ ಆಗವಲ್ದ್ರಿ."

ಆಮೇಲೆ ಆಕ್ಸಿಮೀಟರ್, ಬೆರಳಿಗೆ ಹಾಕಿ ರಕ್ತದ ಆಮ್ಲಜನಕದ ಪ್ರತಿಶತ ನೋಡುವ ಯಂತ್ರ. ಆಕೆಯ ಬೆರಳ ತುದಿಗಳು ಉಗುರಿನ ಸಂದಿಯವರೆಗೆ ಮೆಣಸಿನ ಕೆಂಪಿನಲ್ಲಿ ಅದ್ದಿ ತೆಗೆದಂತಿದ್ದವು, ತಣ್ಣಗೂ ಇದ್ದವು. ಯಂತ್ರ ಮೊದಲು 86 ತೋರಿಸಿತು, ಮರುಕ್ಷಣ 97. ಅದು ತೋರಿದ ನಾಡಿಗೂ ಮಣಿಕಟ್ಟಿನ ನಾಡಿಗೂ ತಾಳೆ ಇರಲಿಲ್ಲ. ಇಂಥ ಹೊತ್ತಿನಲ್ಲಿ 97ನ್ನು ಬರೆದುಕೊಂಡು ಎದ್ದು ಹೋಗುವುದು ಸುಲಭ. ಆಶಾ ಹಾಗೆ ಮಾಡಲಿಲ್ಲ. ಒಂದು ಚಮಚ ಶೇಂಗಾ ಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ಸೋಪಿನಿಂದ ತೊಳೆಸಿದರು, ಏಕೆಂದರೆ ಮೆಣಸಿನ ಖಾರ ಎಣ್ಣೆಗೆ ಬಿಡುತ್ತದೆ, ಬರೀ ನೀರಿಗೆ ಬಿಡುವುದಿಲ್ಲ. ಅಂಗೈಯಲ್ಲಿ ಹಿಡಿದು ಬೆರಳು ಬೆಚ್ಚಗೆ ಮಾಡಿ, ಎಡಗೈ ನಡುಬೆರಳಿಗೆ ಹಾಕಿ ಒಂದು ನಿಮಿಷ ಕಾದರು. 93ಕ್ಕೆ ನಿಂತಿತು, ನಾಡಿ 120, ಮಣಿಕಟ್ಟಿನ ಎಣಿಕೆಯೂ ಅಷ್ಟೇ. ಬಸುರಿಯಲ್ಲಿ ಇದು 95ಕ್ಕಿಂತ ಕೆಳಗಿಳಿಯಬಾರದು. ಮೈಬಣ್ಣ ಕಪ್ಪಾಗಿದ್ದವರಲ್ಲಿ ಈ ಯಂತ್ರ ಇರುವುದಕ್ಕಿಂತ ತುಸು ಹೆಚ್ಚೇ ತೋರಿಸುವುದುಂಟು. 93 ಎಂದರೆ ಒಳಗೆ ಅದಕ್ಕಿಂತ ಕಡಿಮೆಯೂ ಇರಬಹುದು.

ಗಂಡ ಬೇಡವೆನ್ನಲಿಲ್ಲ, ಮುಂದೂಡಿದ. "ಗುರುವಾರ ಪೇಟಿ ಐತ್ರೀ ಅಕ್ಕಾರ, ಅದ ಮುಗೀಲಿ, ಶುಕ್ರವಾರ ಕರಕೊಂಡ ಹೋಗ್ತೇನಿ." ಆಶಾ ವಾದಕ್ಕೆ ಇಳಿಯದೆ ವೈದ್ಯಾಧಿಕಾರಿಗೆ ಫೋನ್ ಹಚ್ಚಿ ನಾಲ್ಕು ಸಂಖ್ಯೆ ಹೇಳಿದರು: 29 ವಾರ, ಉಸಿರು 30, ಆಮ್ಲಜನಕ 93, ನಾಡಿ 120. ಫೋನನ್ನು ಗಂಡನ ಕೈಗೆ ಕೊಟ್ಟರು. "ಭಾಳ ಆರಾಮಿಲ್ಲ" ಎಂದಿದ್ದರೆ ಗುರುವಾರದವರೆಗೆ ಕಾಯುತ್ತಿದ್ದ. ಆ ಸಂಖ್ಯೆಗಳನ್ನು ಕೇಳಿದ ವೈದ್ಯರು "ಇವತ್ತ, ಈಗ" ಎಂದದ್ದು ಕೆಲಸ ಮಾಡಿತು. 108 ಬಂದದ್ದು ಮುಕ್ಕಾಲು ತಾಸಿಗೆ.

ಆಸ್ಪತ್ರೆಯಲ್ಲಿ ಏಳು ದಿನ

ದಾಖಲಾಗುವಾಗ ಜ್ವರ 101.6, ಉಸಿರು 32, ಆಮ್ಲಜನಕ 92. ಮೂಗಿನ ನಳಿಕೆಯಿಂದ ಆಮ್ಲಜನಕ ಹಚ್ಚಿದರು. ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳದಂತೆ ಎಡಮಗ್ಗುಲಿಗೆ ಒರಗಿಸಿ, ತಲೆಯ ಕಡೆ ಎತ್ತರಿಸಿ ಮಲಗಿಸಿದರು.

ಎಕ್ಸ್‌ರೇ ವಿಷಯದಲ್ಲಿ ಎರಡು ತಾಸು ಹಾಳಾಯಿತು. ಬಸುರಿಗೆ ಎಕ್ಸ್‌ರೇ ಬೇಡವೆಂದು ಮನೆಯವರು, ಬರೆದುಕೊಟ್ಟರೆ ಮಾತ್ರ ತೆಗೆಯುತ್ತೇವೆಂದು ಸಿಬ್ಬಂದಿ. ಎದೆಯ ಒಂದು ಎಕ್ಸ್‌ರೇಯಿಂದ ಗರ್ಭಕ್ಕೆ ತಲುಪುವ ವಿಕಿರಣ 0.01 ಮಿಲಿಗ್ರೇಯೂ ಇಲ್ಲ. ಮಗುವಿಗೆ ಅಪಾಯದ ಮಾತು ಬರುವುದು 50 ಮಿಲಿಗ್ರೇ ದಾಟಿದ ಮೇಲೆ. ಇದನ್ನು ಎಕ್ಸ್‌ರೇ ಕೋಣೆಯ ಬಾಗಿಲಿಗೆ ಕನ್ನಡದಲ್ಲಿ ಬರೆದು ಅಂಟಿಸಿದರೆ ಎಷ್ಟೋ ತಾಸು ಉಳಿದೀತು. ಚಿತ್ರದಲ್ಲಿ ಬಲ ಪುಪ್ಪಸದ ಕೆಳಭಾಗ ಬೆಳ್ಳಗೆ ಗಟ್ಟಿಯಾಗಿತ್ತು.

ಪರೀಕ್ಷೆಯ ಫಲಿತಾಂಶ ಬರಲೆಂದು ಕಾಯದೆ ಫ್ಲೂ ಔಷಧ ಒಸೆಲ್ಟಾಮಿವಿರ್ 75 ಮಿ.ಗ್ರಾಂ ದಿನಕ್ಕೆರಡು ಸಲ, ಐದು ದಿನಕ್ಕೆಂದು ಶುರುಮಾಡಿದರು. ಜ್ವರ, ಕೆಮ್ಮು ಶುರುವಾದ 48 ತಾಸಿನೊಳಗೆ ಕೊಟ್ಟರೆ ಉತ್ತಮ ಎಂಬುದು ನಿಜ. ನಾಲ್ಕನೇ ದಿನವಾದರೂ ಆಸ್ಪತ್ರೆ ಸೇರಿದ ಬಸುರಿಗೆ ಕೊಡಲೇಬೇಕು. ಜೊತೆಗೆ ಸೆಫ್ಟ್ರಿಯಾಕ್ಸೋನ್ ಮತ್ತು ಅಜಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್. ಡಾಕ್ಸಿಸೈಕ್ಲಿನ್ ಬಸುರಿಗೆ ಹೊಂದದ್ದು ಎಂದು ಕೈಬಿಟ್ಟರು. ತೂಕ ಕಡಿಮೆ, ರಕ್ತ ಕಡಿಮೆ, ಇಕ್ಕಟ್ಟಿನ ಕೋಣೆ, ಕೆಮ್ಮು, ಇಷ್ಟಿದ್ದಾಗ ಕ್ಷಯ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಕಫವನ್ನು ಟ್ರೂನ್ಯಾಟ್ ಪರೀಕ್ಷೆಗೆ ಕಳಿಸಿದರು, ಕ್ಷಯ ಇರಲಿಲ್ಲ. ಮೂರನೇ ದಿನ ಗಂಟಲ ದ್ರವದ ವರದಿ ಇನ್‌ಫ್ಲುಯೆಂಜಾ ಎ, ಅಂದರೆ ಫ್ಲೂ, ಎಂದು ಬಂತು.

ಎರಡನೇ ತಿರುವು ಮೊದಲ ರಾತ್ರಿಯೇ ಬಂದಿತ್ತು. ಅಪಧಮನಿಯ ರಕ್ತಪರೀಕ್ಷೆಯ ಚೀಟಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಒತ್ತಡ 39 ಎಂದಿತ್ತು, ಪಕ್ಕದಲ್ಲಿ "ಸಹಜ" ಎಂದು ಯಂತ್ರ ಅಚ್ಚೊತ್ತಿತ್ತು. ಬಸುರಿಯಲ್ಲಿ ಸಹಜವಾದದ್ದು 28ರಿಂದ 32. ನಿಮಿಷಕ್ಕೆ 32 ಸಲ ಉಸಿರಾಡುವವಳಲ್ಲಿ ಅದು ಇನ್ನೂ ಕೆಳಗಿರಬೇಕು. 39 ಎಂದರೆ ಉಸಿರಾಟದ ಸ್ನಾಯುಗಳು ಸೋಲುತ್ತಿವೆ ಎಂದರ್ಥ. ರಾತ್ರಿ ಪಾಳಿಯ ವೈದ್ಯರು ಇದನ್ನು ಗಮನಿಸಿ ಆಕೆಯನ್ನು ಸಾಮಾನ್ಯ ವಾರ್ಡಿನಿಂದ ಹೆಚ್ಚಿನ ನಿಗಾ ಘಟಕಕ್ಕೆ ಸರಿಸಿದರು, ಆಮ್ಲಜನಕ ಮುಖವಾಡಕ್ಕೆ ಬದಲಾಯಿಸಿದರು, ಅರ್ಧ ತಾಸಿಗೊಮ್ಮೆ ಉಸಿರು ಎಣಿಸಲು ಹೇಳಿದರು. ವೆಂಟಿಲೇಟರ್ ಬೇಕಾಗಲಿಲ್ಲ.

ಎರಡನೇ ದಿನ ಹೊಟ್ಟೆ ಬಿಗಿಯತೊಡಗಿತು. ಅವಧಿಗೆ ಮುನ್ನ ಹೆರಿಗೆಯಾದೀತೆಂದು ಮಗುವಿನ ಪುಪ್ಪಸ ಬಲಿಯಲು ಡೆಕ್ಸಾಮೆಥಾಸೋನ್ ಕೊಡುವ ಚರ್ಚೆ ನಡೆಯಿತು. ತಾಯಿಯ ಸೋಂಕು ಜೋರಾಗಿದ್ದದ್ದರಿಂದ, ಗರ್ಭಕಂಠ ತೆರೆದಿಲ್ಲವೆಂದು ನೋಡಿಕೊಂಡು, ಆರು ತಾಸು ಕಾಯಲು ನಿರ್ಧರಿಸಿದರು. ಜ್ವರ ಇಳಿದು, ನೀರಿನಂಶ ಸರಿಹೋದ ಮೇಲೆ ನೋವು ತಾನಾಗಿ ನಿಂತಿತು. ಐದನೇ ದಿನ ಆಮ್ಲಜನಕ ತೆಗೆದರು, ಏಳನೇ ದಿನ ಮನೆಗೆ ಕಳಿಸಿದರು.

ಮೊದಲ ಸಲಹೆಗಳು ಏಕೆ ನಿಲ್ಲಲಿಲ್ಲ

ಬಿಡುಗಡೆಯ ಚೀಟಿಯಲ್ಲಿ ಬರೆದದ್ದು ಎಲ್ಲರೂ ಬರೆಯುವುದೇ: ವಿಶ್ರಾಂತಿ, ಹೊಗೆ-ಧೂಳಿನಿಂದ ದೂರ, ಮಾಸ್ಕ್, ಪೌಷ್ಟಿಕ ಆಹಾರ. ಎರಡು ವಾರದಲ್ಲಿ ನಾಲ್ಕೂ ಬಿದ್ದುಹೋದವು. ಪ್ರತಿಯೊಂದು ಬಿದ್ದ ಕಾರಣ ಬೇರೆ.

ವಿಶ್ರಾಂತಿ ಆರು ದಿನ ನಡೆಯಿತು. ಮಾರ್ಚ್ ಮೊದಲ ವಾರದ ಬಾಡಿಗೆ ಬಂದಾಗ ಮುಗಿಯಿತು. ಇದಕ್ಕಿಂತ ಮುಖ್ಯವಾದದ್ದು, ಮನೆಯಲ್ಲಿ ಕೂತ ಆರು ದಿನ ಆಕೆ ಗೋದಾಮಿನ ಧೂಳಿನಿಂದ ಪಾರಾಗಿ ಒಲೆಯ ಹೊಗೆಗೆ ಪೂರ್ತಿ ಸಿಕ್ಕಳು. ಕೆಲಸವಿಲ್ಲವೆಂದು ಮೂರು ಹೊತ್ತೂ ಅಡುಗೆ ಆಕೆಯದೇ ಆಯಿತು. ಮನೆಯ ಗಾಳಿಯನ್ನು ನೋಡದೆ "ಮನೆಯಲ್ಲಿರು" ಎಂದದ್ದು ನಮ್ಮ ಕಡೆಯ ತಪ್ಪು.

ಮಾಸ್ಕ್ ಎರಡೇ ದಿನ. ಬಟ್ಟೆಯದು ಬೆವರಿಗೆ ಒದ್ದೆಯಾಗಿ, ಮೆಣಸಿನ ಧೂಳು ಅದಕ್ಕೆ ಹತ್ತಿ, ಕೆನ್ನೆ ಉರಿಯತೊಡಗಿತು. ಸಣ್ಣ ಕಣವನ್ನು ಅದು ತಡೆಯುವುದೂ ಅಷ್ಟಕ್ಕಷ್ಟೆ. ಎನ್-95 ಕೊಟ್ಟಾಗ ಏಳು ತಿಂಗಳ ಬಸುರಿಗೆ ಉಸಿರು ಕಟ್ಟಿದಂತಾಯಿತು. ಸರಿಪಡಿಸಿಕೊಳ್ಳಲು ಮೆಣಸಿನ ಕೈಯಿಂದಲೇ ಮುಟ್ಟಿದಳು, ಒಳಬದಿಗೂ ಖಾರ ಹತ್ತಿತು. ಇಡೀ ದಿನ ಹಾಕುವ ವಸ್ತುವಲ್ಲ ಅದು. ಚೀಲ ಸುರಿಯುವ ಇಲ್ಲವೇ ಕಸ ಹೊಡೆಯುವ ಹತ್ತು-ಹದಿನೈದು ನಿಮಿಷಕ್ಕೆ, ತೊಳೆದ ಕೈಯಿಂದ ಹಾಕಿ ತೆಗೆಯುವುದಾದರೆ ಸರಿ.

ಒಲೆಯ ಕಡೆ

ಆಕೆಯನ್ನು "ಗ್ಯಾಸ್ ಏಕೆ ತುಂಬಿಸಲ್ಲ" ಎಂದು ಕೇಳುವುದನ್ನು ಬಿಟ್ಟು, ತುಂಬಿಸಲು ಏನೇನು ಆಗಬೇಕು ಎಂದು ಒಂದೊಂದೇ ನೋಡಿದಾಗ ದಾರಿ ಕಂಡಿತು. ಮೊದಲನೆಯದು ವರ್ಗಾವಣೆ. ಊರಿನ ವಿತರಕರಲ್ಲಿ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ವರ್ಗಾವಣೆ ಚೀಟಿ ತಂದು ಇಲ್ಲಿನ ವಿತರಕರಿಗೆ ಕೊಡಬೇಕು. ಗಂಡ ಒಂದು ದಿನದ ಕೂಲಿ ಬಿಟ್ಟು ಹೋಗಿಬಂದ. ಇಲ್ಲಿ ಇ-ಕೆವೈಸಿಗೆ, ಅಂದರೆ ಗುರುತು ಖಾತ್ರಿಗೆ, ಆಕೆಯ ಹೆಬ್ಬೆರಳು ಹಿಡಿಯಲಿಲ್ಲ. ತುಂಬು ಮುರಿದು ಮುರಿದು ಬೆರಳ ಗೆರೆಗಳೇ ಸವೆದಿದ್ದವು. ಮೂರು ಸಲ ವಾಪಸ್ ಕಳಿಸಿದ ಮೇಲೆ ಮೊಬೈಲಿನಲ್ಲಿ ಮುಖ ತೋರಿಸಿ ಮಾಡುವ ವಿಧಾನದಿಂದ ಕೆಲಸವಾಯಿತು. ಇದೇ ಪೇಟೆಯಲ್ಲಿ ದುಡಿಯುವ ಇತರ ಹೆಂಗಸರನ್ನು ಕರೆದೊಯ್ಯುವವರು ಮೊದಲೇ ಮುಖದ ವಿಧಾನ ಕೇಳುವುದು ಒಳ್ಳೆಯದು.

ಎರಡನೆಯದು ರೊಕ್ಕ. 14.2 ಕೆ.ಜಿ.ಯ ಸಿಲಿಂಡರಿಗೆ ಒಂದೇ ಸಲ ಪೂರ್ತಿ ಹಣ ಕೊಡಬೇಕು, ಸಬ್ಸಿಡಿ ಆಮೇಲೆ ಖಾತೆಗೆ ಬರುತ್ತದೆ. ದಿನದ ಕೂಲಿಯಲ್ಲಿ ದಿನ ದೂಡುವ ಮನೆಯಲ್ಲಿ ಆ ಮೊತ್ತ ಒಟ್ಟಿಗೆ ಇರುವುದಿಲ್ಲ. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಅತ್ತೆ, ಹಾಗಾಗಿ ಗೃಹಲಕ್ಷ್ಮಿಯ 2,000 ರೂಪಾಯಿ ಊರಲ್ಲಿರುವ ಅತ್ತೆಯ ಖಾತೆಗೆ ಹೋಗುತ್ತಿತ್ತು. ಆಸ್ಪತ್ರೆಯ ಸುದ್ದಿ ಕೇಳಿ ಅತ್ತೆ ನೋಡಲು ಬಂದ ದಿನವೇ ಆಶಾ ಮಾತು ತೆಗೆದರು. ಹೊಗೆಯ ಅಪಾಯದ ಬಗ್ಗೆ ಭಾಷಣ ಮಾಡದೆ, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬೆಳ್ಳಗಿನ ಜಾಗ ತೋರಿಸಿದರು. ಅತ್ತೆ ಬಹಳ ಹೊತ್ತು ನೋಡಿ, "ನಾನೂ ಒಲಿ ಮುಂದ ಕುಂತ ಐದ ಹಡದೇನಿ. ಎರಡ ಉಳೀಲಿಲ್ಲ. ತುಂಬಸ್ರಿ, ನಾ ಕೊಡ್ತೇನಿ" ಎಂದರು. ಎರಡು ತಿಂಗಳಿಗೊಂದು ಸಿಲಿಂಡರ್ ಎಂದು ಮಾತಾಯಿತು.

ಮೂರನೆಯದು ರೊಟ್ಟಿ. ಜೋಳದ ರೊಟ್ಟಿ ಗ್ಯಾಸಿನ ಮೇಲೆ ಬಡಿದರೆ ಸಿಲಿಂಡರ್ ಬೇಗ ಖಾಲಿ, ರುಚಿಯ ತಕರಾರು ಬೇರೆ. ಸ್ನಾನದ ನೀರು ಅದಕ್ಕಿಂತ ಹೆಚ್ಚು ನುಂಗುತ್ತದೆ. "ಪೂರ್ತಿ ಗ್ಯಾಸ್" ಎಂದು ಹಟ ಹಿಡಿದಿದ್ದರೆ ಮೊದಲ ಸಿಲಿಂಡರ್ ಮುಗಿದ ದಿನವೇ ಎಲ್ಲ ಮುಗಿಯುತ್ತಿತ್ತು. ಆದ್ದರಿಂದ ಅನ್ನ, ಸಾರು, ಪಲ್ಯ, ಚಹಾ ಗ್ಯಾಸಿನ ಮೇಲೆ. ಸ್ನಾನದ ನೀರು ಹೊರಗಿನ ಒಲೆಯಲ್ಲಿ, ಕಾಯಿಸುವವನು ಗಂಡ. ರೊಟ್ಟಿ ವಾರಕ್ಕೊಮ್ಮೆ ಖಡಕ್ ಮಾಡಿ ಇಟ್ಟುಕೊಳ್ಳುವುದು, ಬಡಿಯುವವರು ನಾದಿನಿ, ಬಯಲಿನಲ್ಲಿ. ಹೀಗೆ ಮಾಡಿದಾಗ ಮೊದಲ ಸಿಲಿಂಡರ್ 54 ದಿನ ಬಂತು.

ಒಲೆ ಹೊರಗೆ ಹಾಕಿದ್ದೂ ಸಲೀಸಾಗಲಿಲ್ಲ. ಮೊದಲ ವಾರ ಬಾಗಿಲ ಪಕ್ಕದ ತಗಡಿನ ಕೆಳಗೆ ಇಟ್ಟರು. ಬೆಳಗಿನ ಮೂಡಗಾಳಿ ಹೊಗೆಯನ್ನು ಸೀದಾ ಪಕ್ಕದ ಕೋಣೆಗೆ, ಬಾಣಂತಿ ಮತ್ತು ಇಪ್ಪತ್ತು ದಿನದ ಕೂಸು ಮಲಗಿದ್ದಲ್ಲಿಗೆ ತಳ್ಳಿತು. ಜಗಳವಾಯಿತು, ಆಗಬೇಕಾದದ್ದೇ. ಒಬ್ಬ ಬಸುರಿಯ ಹೊಗೆ ತಪ್ಪಿಸಿ ಇನ್ನೊಬ್ಬ ಬಾಣಂತಿಗೆ ಕೊಟ್ಟಂತಾಗಿತ್ತು. ಐದೂ ಮನೆಯವರು ಕೂಡಿ ಸಾಲಿನ ಪಡುವಲ ತುದಿಯಾಚೆ ಹದಿನೈದು ಹೆಜ್ಜೆ ದೂರ ಎರಡು ಒಲೆ ಹೂಡಿದರು. ಮುಂಗಾರು ಹಿಡಿದ ಮೇಲೆ ಗಾಳಿ ಪಡುವಲಿಂದ ಬೀಸುತ್ತದೆ, ಆಗ ಒಲೆಯ ಜಾಗ ಮತ್ತೆ ಬದಲಿಸಬೇಕೆಂದು ಅಂದೇ ಮಾತಾಡಿಕೊಂಡರು. ಪ್ಲಾಸ್ಟಿಕ್ ಹಚ್ಚುವುದು ನಿಂತಿತು, ಒಣ ತೆಂಗಿನ ಗರಿ ಬಂತು.

ಕಿಟಕಿಯದು ಒಂದು ಇಕ್ಕಟ್ಟು. ತೆರೆದರೆ ಲಾರಿ ಧೂಳು, ಮುಚ್ಚಿದರೆ ಮನೆಯವರ ಉಸಿರು ಅಲ್ಲೇ ಸುತ್ತುತ್ತದೆ, ಒಬ್ಬರ ನೆಗಡಿ ಎಲ್ಲರಿಗೂ. ಕೊನೆಗೆ ರಸ್ತೆಯ ಕಿಟಕಿ ಮುಚ್ಚಿಯೇ ಇರಲಿ ಎಂದು, ಹಿಂಬದಿಯ ತಗಡನ್ನು ಮಾಡಿನ ಕೆಳಗೆ ಒಂದು ಗೇಣು ಇಳಿಸಿ ಕೊಕ್ಕೆ ಹಾಕಿದರು. ಮನೆಯ ಮಾಲೀಕ ಒಪ್ಪಿದ್ದು ಖರ್ಚು ಅವನದಲ್ಲ ಎಂದ ಮೇಲೆ.

ಗೋದಾಮಿನ ಕಡೆ

ಇಡೀ ದಿನದ ಧೂಳಿನಲ್ಲಿ ಎರಡು ಹೊತ್ತು ಕೆಟ್ಟವು: ಬೆಳಿಗ್ಗೆ ಚೀಲ ಸುರಿಯುವಾಗ, ಸಂಜೆ ಕಸಬರಿಗೆ ಆಡಿಸುವಾಗ. ಎರಡೂ ಹೊತ್ತು ಹೆಂಗಸರು ರಾಶಿಯ ಸುತ್ತ ಕೂತೇ ಇರುತ್ತಿದ್ದರು. ಸಾಹುಕಾರರಿಗೆ ಮೊದಲು ಹೇಳಿದ್ದು ನೆಲಕ್ಕೆ ನೀರು ಚಿಮುಕಿಸಿ ಎಂದು. ಎರಡನೇ ದಿನ ಚೀಲದ ತಳ ಒದ್ದೆಯಾಗಿ ಕಾಯಿಗೆ ಬೂಷ್ಟು ಹಿಡಿಯುವ ಭಯ ಎದ್ದಿತು. ಅವರ ಆಕ್ಷೇಪ ನ್ಯಾಯವಾದದ್ದು. ಬೂಷ್ಟು ಹಿಡಿದ ಕಾಯಿ ತಿನ್ನುವವರಿಗೂ ಬಿಡಿಸುವವರಿಗೂ ಕೇಡು. ಆಮೇಲೆ ನೀರಿನ ಬದಲು ಹಿಂಡಿದ ಒದ್ದೆ ಗೋಣಿಚೀಲ ಎಳೆದು ಧೂಳು ತೆಗೆಯುವುದು ಗೊತ್ತಾಯಿತು; ಅದೂ ಹೆಂಗಸರು ಮನೆಗೆ ಹೋದ ಮೇಲೆ.

ಚೀಲ ಸುರಿಯುವ ಕೆಲಸ ಅರ್ಧ ತಾಸು ಮುಂಚೆ ಮುಗಿಯಬೇಕೆಂದರೆ ಹಮಾಲರು ಬೇಗ ಬರಬೇಕು. ಅವರು ಅದಕ್ಕೆ ಬೇರೆ ಕೂಲಿ ಕೇಳಿದರು. ಎರಡು ವಾರ ಎಳೆದಾಡಿತು. ಆ ಹಮಾಲರಲ್ಲಿ ಈಕೆಯ ಗಂಡನೂ ಒಬ್ಬ. ಅವನು ಮತ್ತು ಇನ್ನಿಬ್ಬರು ಮೊದಲು ಒಪ್ಪಿದರು, ಉಳಿದವರು ಚಹಾ-ನಾಷ್ಟಾದ ಮಾತಾದ ಮೇಲೆ. ಈಕೆಯನ್ನು ಜರಡಿ ಹಿಡಿಯುವ ಜಾಗದಿಂದ ಬಾಗಿಲ ಹತ್ತಿರ, ಗಾಳಿ ಬರುವ ಮಗ್ಗುಲಿಗೆ ಕೂರಿಸಿದರು. ಎಲ್ಲರೂ ಒಂದೇ ಲೋಟ ಎತ್ತಿ ಕುಡಿಯುವ ನೀರಿನ ಕೊಡದ ಪಕ್ಕ ಪ್ರತಿಯೊಬ್ಬರೂ ತಮ್ಮ ಬಾಟಲಿ ತರುವ ರೂಢಿ ಬಂತು. ಜ್ವರ ಬಂದವರು ರಜೆ ಹಾಕಲಿ ಎಂಬುದು ಮಾತ್ರ ನಡೆಯಲಿಲ್ಲ. ಕೆ.ಜಿ. ಲೆಕ್ಕದ ಕೂಲಿಯಲ್ಲಿ ರಜೆಗೆ ಹಣವಿಲ್ಲ. ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ.

ಆಮೇಲೆ ಆದದ್ದು

ಸೋಂಕು ಪೂರ್ತಿ ಇಳಿಯುವವರೆಗೆ ತಡೆದು, 32ನೇ ವಾರದಲ್ಲಿ ಕಬ್ಬಿಣದಂಶವನ್ನು ರಕ್ತನಾಳದ ಮೂಲಕ ಕೊಟ್ಟರು. ಹೆರಿಗೆಯ ಹೊತ್ತಿಗೆ ಹಿಮೋಗ್ಲೋಬಿನ್ 10.1. ತಾಯಿ ಕಾರ್ಡಿನ ವಿವರ ಇಲ್ಲಿನ ಕೇಂದ್ರಕ್ಕೆ ಬಂತು, ಅಂಗನವಾಡಿಯಲ್ಲಿ ಹೆಸರು ಸೇರಿತು; ಊಟಕ್ಕೆ ಹೋದದ್ದು ಪೇಟೆ ಇಲ್ಲದ ದಿನ ಮಾತ್ರ. 36ನೇ ವಾರದವರೆಗೆ ಕೆಲಸ ಮಾಡಿದಳು. 38ನೇ ವಾರದಲ್ಲಿ ಸಹಜ ಹೆರಿಗೆ, ಹೆಣ್ಣುಮಗು, 2.3 ಕೆ.ಜಿ. ಮಗು ಚೆನ್ನಾಗಿ ಅತ್ತಿತು, ಚೆನ್ನಾಗಿ ಹಾಲು ಕುಡಿಯಿತು. ಆದರೆ 2.5ಕ್ಕಿಂತ ಕಡಿಮೆ ತೂಕ ಎಂಬುದನ್ನು ಮರೆಮಾಚುವಂತಿಲ್ಲ. ನಾವು ಕೈ ಹಾಕುವ ಹೊತ್ತಿಗೆ ಏಳು ತಿಂಗಳು ಕಳೆದಿತ್ತು.

ಎರಡನೇ ಮಗು ಹೆಣ್ಣಾದರೆ ಮಾತೃವಂದನಾ ಯೋಜನೆಯಲ್ಲಿ 6,000 ರೂಪಾಯಿ ಇದೆ. ಅದು ಹೆರಿಗೆಯ ನಂತರ ಬರುವ ಹಣ. ಈ ತಾಯಿಗೆ ಅದು ಬೇಕಿದ್ದದ್ದು ಮಾರ್ಚ್ ಮೊದಲ ವಾರ, ಬಾಡಿಗೆ ಕಟ್ಟುವ ದಿನ.

ಫ್ಲೂ ಲಸಿಕೆಯ ಮಾತು ಯಾರ ಬಾಯಲ್ಲೂ ಮೊದಲು ಬಂದಿರಲಿಲ್ಲ. ಬಸಿರಿನ ಯಾವ ತಿಂಗಳಲ್ಲಾದರೂ ಕೊಡಬಹುದಾದ ಲಸಿಕೆ ಅದು. ತಾಯಿಯಿಂದ ದಾಟುವ ರಕ್ಷಣೆ ಕೂಸಿನ ಮೊದಲ ಆರು ತಿಂಗಳಿಗೂ ಆಸರೆ, ಏಕೆಂದರೆ ಆ ವಯಸ್ಸಿನ ಕೂಸಿಗೆ ಈ ಲಸಿಕೆ ಹಾಕುವಂತಿಲ್ಲ. ಸರ್ಕಾರದ ಲಸಿಕಾ ಪಟ್ಟಿಯಲ್ಲಿ ಬಸುರಿಗೆ ಟಿ.ಡಿ. (ಧನುರ್ವಾಯು, ಗಂಟಲಮಾರಿ ತಡೆಯುವ ಲಸಿಕೆ) ಇದೆ, ಫ್ಲೂ ಇಲ್ಲ. ಹೊರಗೆ ಕೊಳ್ಳುವ ಬೆಲೆ ತುಂಬು ಬಿಡಿಸುವವಳ ಹಲವು ದಿನದ ಕೂಲಿ. ಯಾರಿಗೆ ಸೋಂಕಿನ ಅಪಾಯ ಹೆಚ್ಚೋ ಅವರ ಕೈಗೇ ಅದು ಎಟುಕುವುದಿಲ್ಲ.

ಈ ಪ್ರಕರಣದ ನಂತರ ಆ ಭಾಗದ ಆಶಾಗಳು ಸುಗ್ಗಿಯಲ್ಲಿ ಪಟ್ಟಿ ಹಿಡಿದು ಮನೆಗೆ ಹೋಗುವುದರ ಜೊತೆಗೆ ಗೋದಾಮಿನ ಬಾಗಿಲಿಗೂ ಹೋಗುತ್ತಾರೆ. ಬೇರೆ ಊರಿನ ತಾಯಿ ಕಾರ್ಡ್ ಇದ್ದವರನ್ನೇ ಮೊದಲು ಕೇಳುತ್ತಾರೆ. ಕೆಮ್ಮುವ ಬಸುರಿಗೆ ಮೂರು ಪ್ರಶ್ನೆ: ರಜೆಯ ದಿನ ಕೆಮ್ಮು ಕಡಿಮೆಯಾಗುತ್ತದೆಯೇ, ರಾತ್ರಿ ಮಲಗಲು ಆಗುತ್ತದೆಯೇ, ಮನೆಯಲ್ಲಿ ಬೇರೆ ಯಾರಿಗಾದರೂ ಜ್ವರವಿತ್ತೇ. ಆಮೇಲೆ ಪೂರ್ತಿ ಒಂದು ನಿಮಿಷದ ಎಣಿಕೆ, ತೊಳೆದ ಬೆರಳಿಗೆ ಆಕ್ಸಿಮೀಟರ್. ಚೀಲದಲ್ಲಿ ಒಂದು ಸಣ್ಣ ಬಾಟಲಿ ಎಣ್ಣೆ ಇರುತ್ತದೆ.

ಜುಲೈನಲ್ಲಿ ಕೆಲಸ ಕಡಿಮೆಯಾದಾಗ, ಅತ್ತೆಯ ಕಂತೂ ತಡವಾದಾಗ, ಎರಡನೇ ಸಿಲಿಂಡರ್ ಖಾಲಿಯಾಗಿ ಮೂರು ವಾರ ಒಲೆ ಮತ್ತೆ ಉರಿಯಿತು. ಮಳೆಯಿದ್ದದ್ದರಿಂದ ಒಳಗೇ ಉರಿಯಿತು. ಎರಡು ತಿಂಗಳ ಕೂಸನ್ನು ಕಟ್ಟಿಕೊಂಡು ಆಕೆ ಕೆಲಸಕ್ಕೆ ಮರಳಿದಾಗ ರಾಶಿಯ ಪಕ್ಕದ ಕಂಬಕ್ಕೇ ಸೀರೆಯ ಜೋಳಿಗೆ ಕಟ್ಟಿದ್ದಳು, ಅಳು ಕೇಳಬೇಕಲ್ಲ. ಬಸುರಿಯ ಜಾಗ ಬದಲಿಸಿದವರು ಬಾಣಂತಿಯ ಜಾಗ ಯೋಚಿಸಿರಲಿಲ್ಲ. ಈಗ ಜೋಳಿಗೆ ಬಾಗಿಲಾಚೆ ಬೇವಿನ ಮರದ ಕೊಂಬೆಗೆ ಬಂದಿದೆ. ಚೀಲ ಸುರಿಯುವ ಹೊತ್ತಿಗೆ ತೂಗುವವಳು ಆ ಸಾಲಿನ ಅಜ್ಜಿ.